ಗಣಿಯ ದೊಡ್ಡ ಡಂಪರ್ ಓಡಿಸುವ ಆಸೆ: ಮೂರು ತಿಂಗಳ ಆಪರೇಟರ್ ಕೋರ್ಸ್ ಮಾಡಲೋ, ಡಿಪ್ಲೊಮಾಕ್ಕೆ ಹೋಗಲೋ?

ತಮ್ಮಾ, ಸದ್ಯಕ್ಕೆ ಎರಡೂ ಬೇಡ. ಅಂಕೋಲಾದವನು, 19 ವರ್ಷ, ಡೀಸೆಲ್ ಮೆಕ್ಯಾನಿಕ್ ಐಟಿಐ ಮುಗಿದಿದೆ, 400 ಟನ್ ಹೊರುವ ಡಂಪರಿನ ವಿಡಿಯೊ ನೋಡಿದ ಮೇಲೆ ಬೇರೆ ಯಾವುದರಲ್ಲೂ ಮನಸ್ಸಿಲ್ಲ ಅಂತ ಬರೆದಿದ್ದೀಯ. ನನಗೂ ಅದೇ ಹುಚ್ಚಿತ್ತು, ಈಗಲೂ ಇದೆ. ಬಳ್ಳಾರಿ ಅದಿರು ಬೇಲೆಕೇರಿಗೆ ಬರುತ್ತಿದ್ದ ಕಾಲದಲ್ಲಿ ಅರಬೈಲ್ ಘಟ್ಟದಲ್ಲಿ ಟಿಪ್ಪರ್ ಇಳಿಸುತ್ತಿದ್ದವನು ನಾನು. 2010ರಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಆಮೇಲೆ ಸಂಡೂರು ಕಡೆಯ ಗಣಿಗಳು ಮತ್ತೆ ಶುರುವಾದಾಗ ಅಲ್ಲಿಗೆ ಹೋಗಿ ನೂರು ಟನ್ ವರ್ಗದ ಡಂಪರ್ ಹತ್ತಿದೆ. ಘಟ್ಟದಲ್ಲಿ ಕಲಿತದ್ದೇ ಅಲ್ಲಿ ನನ್ನ ಸೀಟು ಕಳೆಯಿತು.

ಕಬ್ಬಿಣದ ಅದಿರಿರುವುದು ಬೆಟ್ಟದ ಮೇಲೆ, ಕ್ರಷರ್ ಇರುವುದು ಕೆಳಗೆ. ಹಾಗಾಗಿ ತುಂಬಿದ ಗಾಡಿ ಇಳಿಯಬೇಕು, ಖಾಲಿ ಗಾಡಿ ಹತ್ತಬೇಕು. ಹಾಗೆ ಇಳಿಯುವಾಗ ಹಿಂದಿನ ಬ್ರೇಕ್ ಆಯಿಲಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಅರಬೈಲಿನಲ್ಲಿ ಬ್ರೇಕ್ ಹೊಗೆಯಾಡಿದರೆ ನಾವು ಏನು ಮಾಡುತ್ತಿದ್ದೆವೋ ಅದನ್ನೇ ಮಾಡಿದೆ: ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು ತಣಿಯಲಿ ಅಂತ ಕಾದೆ. ಎಂಜಿನ್ ಆಫ್ ಮಾಡಿದ್ದೇ ತಪ್ಪು. ಯಾಕೆ ಅನ್ನುವುದನ್ನು ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಟಿಪ್ಪರಿನಿಂದ ಡಂಪರಿಗೆ ಹೋಗುವ ಎಲ್ಲರ ಕೈಯಲ್ಲೂ ಈ ಅಭ್ಯಾಸ ಇರುತ್ತದೆ.

ಟಿಪ್ಪರಿನದ್ದು ಗಾಳಿ ಬ್ರೇಕು, ಡ್ರಮ್ಮು. ಲೈನರ್ ಉಜ್ಜಿ ಡ್ರಮ್ ಕಾಯುತ್ತದೆ, ಹೊರಗಿನ ಗಾಳಿಗೆ ತಣಿಯುತ್ತದೆ. ಆ ತಣಿಸುವ ಕೆಲಸದಲ್ಲಿ ಎಂಜಿನ್ನಿಗೆ ಪಾತ್ರವಿಲ್ಲ, ಆಫ್ ಮಾಡಿದರೂ ನಡೆಯುತ್ತದೆ. ದೊಡ್ಡ ಡಂಪರಿನಲ್ಲಿ ಹಿಂದಿನ ಹಬ್ಬಿನ ಒಳಗೆ ಉಜ್ಜುವ ಡಿಸ್ಕ್, ಉಕ್ಕಿನ ಪ್ಲೇಟ್, ಮತ್ತೆ ಡಿಸ್ಕ್, ಮತ್ತೆ ಪ್ಲೇಟ್ ಹೀಗೆ ಒಂದರ ಮೇಲೊಂದು ಜೋಡಿಸಿರುತ್ತಾರೆ. ಅದು ಪೂರ್ತಿ ಎಣ್ಣೆಯಲ್ಲಿ ಮುಳುಗಿರುತ್ತದೆ. ಎಂಜಿನ್ನಿನಿಂದ ತಿರುಗುವ ಪಂಪು ಎಣ್ಣೆಯನ್ನು ಡಿಸ್ಕುಗಳ ನಡುವೆ ಹಾಯಿಸಿ ಕೂಲರಿಗೆ ಕಳಿಸುತ್ತದೆ, ಕೂಲರಿನಲ್ಲಿ ಆ ಬಿಸಿಯನ್ನು ಎಂಜಿನ್ ನೀರು ಹೀರುತ್ತದೆ, ನೀರಿನ ಬಿಸಿಯನ್ನು ರೇಡಿಯೇಟರ್ ಮತ್ತು ಫ್ಯಾನು ಹೊರಗೆ ಹಾಕುತ್ತವೆ. ಕೀ ತಿರುಗಿಸಿದರೆ ಎಣ್ಣೆಯ ಪಂಪು, ನೀರಿನ ಪಂಪು, ಫ್ಯಾನು ಮೂರೂ ಒಟ್ಟಿಗೆ ನಿಲ್ಲುತ್ತವೆ. ಡಿಸ್ಕಿನ ಬಿಸಿ ಹಬ್ಬಿನೊಳಗಿನ ಅಷ್ಟೇ ಎಣ್ಣೆಯಲ್ಲಿ ಕೂತುಬಿಡುತ್ತದೆ. ಎಣ್ಣೆ ಸುಡುತ್ತದೆ, ಸೀಲಿನ ರಬ್ಬರ್ ರಿಂಗು ಗಟ್ಟಿಯಾಗಿ ಎಣ್ಣೆ ಬಿಡಲು ಶುರುವಾಗುತ್ತದೆ. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಕತೆಯೂ ಇದೇ: ಕಾದ ಶಾಫ್ಟಿಗೆ ಎಣ್ಣೆ ನಿಂತರೆ ಇದ್ದ ಎಣ್ಣೆ ಅಲ್ಲೇ ಸುಟ್ಟು ಕರಿಯಾಗಿ ಅಂಟಿ ಬೇರಿಂಗ್ ತಿನ್ನುತ್ತದೆ.

ಹಬ್ ಬಿಚ್ಚಿದಾಗ ಬಂದ ಎಣ್ಣೆ ಕಪ್ಪಗಿತ್ತು, ಕಮಟು ವಾಸನೆ. ಉಕ್ಕಿನ ಪ್ಲೇಟುಗಳು ನೀಲಿ ತಿರುಗಿದ್ದವು. ಒಂದನ್ನು ಸಮತಟ್ಟು ಬೆಂಚಿನ ಮೇಲೆ ಇಟ್ಟು ಅಂಚಿನಡಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದರೆ ಸಲೀಸಾಗಿ ಒಳಗೆ ಹೋಗುತ್ತಿತ್ತು, ಅಂದರೆ ಪ್ಲೇಟು ಸೊಟ್ಟ. ಸೊಟ್ಟ ಪ್ಲೇಟು ಬ್ರೇಕ್ ಬಿಟ್ಟ ಮೇಲೂ ಉಜ್ಜುತ್ತಲೇ ಇರುತ್ತದೆ, ಉಜ್ಜಿದಷ್ಟೂ ಮತ್ತೆ ಬಿಸಿ. ಇಡೀ ಸೆಟ್ಟನ್ನೇ ಬದಲಿಸಬೇಕಾಯಿತು. ನನ್ನನ್ನು ಸೀಟಿನಿಂದ ಇಳಿಸಿ ವರ್ಕ್‌ಶಾಪಿಗೆ ಹಾಕಿದರು.

ಎಷ್ಟು ಬಿಸಿ ಅನ್ನುವುದನ್ನು ಲೆಕ್ಕ ಹಾಕಿ ನೋಡು, ಆಗ ತಲೆಯಲ್ಲಿ ಕೂರುತ್ತದೆ. ನೂರು ಟನ್ ವರ್ಗದ ಡಂಪರ್ ತುಂಬಿದಾಗ ಒಟ್ಟು ತೂಕ ಹತ್ತಿರಹತ್ತಿರ 160 ಟನ್. 10ಕ್ಕೆ 1 ಇಳಿಜಾರಿನಲ್ಲಿ, ರಸ್ತೆಯ ಎಳೆತ ಕಳೆದು, ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದನ್ನು ಹಿಡಿದಿಡಲು ಸುಮಾರು 1000 ಕಿಲೋವ್ಯಾಟ್ ಶಾಖ ಹೊರಗೆ ಹಾಕಬೇಕು. ಆ ಗಾಡಿಯ ಎಂಜಿನ್ ಪೂರ್ತಿ ದುಡಿದರೂ ಅಷ್ಟು ಶಕ್ತಿ ಬರುವುದಿಲ್ಲ. ಗಂಟೆಗೆ 15ಕ್ಕೆ ಇಳಿಸಿದರೆ ಶಾಖವೂ ಅರ್ಧಕ್ಕೆ ಇಳಿಯುತ್ತದೆ. ಗಣಿ ನಿಯಮ ಸಾಗಣೆ ರಸ್ತೆಗೆ 16ಕ್ಕೆ 1ರ ಇಳಿಜಾರು ಹೇಳುವುದು, ಅದಕ್ಕಿಂತ ಕಡಿದಾದ ರ‍್ಯಾಂಪುಗಳನ್ನು ಗಿಡ್ಡ ಇಡಬೇಕೆನ್ನುವುದು ಇದಕ್ಕೇ.

ಹಾಗಾದರೆ ಇಳಿಸುವುದು ಹೇಗೆ? ಇಳಿಜಾರು ಶುರುವಾಗುವ ಮೊದಲೇ, ಸಮತಟ್ಟಿನಲ್ಲೇ ಗೇರ್ ಇಳಿಸಬೇಕು. ಗಾಡಿ ಆಟೊಮ್ಯಾಟಿಕ್, ಲಿವರ್ ಮೇಲಿನ ಗೇರಿನಲ್ಲಿದ್ದರೆ ವೇಗ ಹೆಚ್ಚಿದಂತೆ ಅದಾಗಿಯೇ ಮೇಲಕ್ಕೆ ಹೋಗುತ್ತದೆ. ಲಿವರನ್ನು ಕೆಳಗಿನ ಗೇರಿಗೆ ಇಟ್ಟು ಅದಕ್ಕೆ ಮಿತಿ ಹಾಕಬೇಕು. ಗೇರ್ ಕೆಳಗಿದ್ದರೆ ಎಂಜಿನ್ ಸುತ್ತು ಜಾಸ್ತಿ, ಸುತ್ತು ಜಾಸ್ತಿಯಾದಷ್ಟೂ ಪಂಪು ಹೆಚ್ಚು ಎಣ್ಣೆ ದೂಡುತ್ತದೆ. ಮೇಲಿನ ಗೇರಿನಲ್ಲಿ ಮೆತ್ತಗೆ ಗುರುಗುಡುತ್ತಾ ಇಳಿದರೆ ಡೀಸೆಲ್ ಉಳಿಯುತ್ತದೆ ಅನ್ನುವ ಮಾತು ಕೇಳಿಬರುತ್ತದೆ. ಬ್ರೇಕಿಗೆ ಅದೇ ಎಲ್ಲಕ್ಕಿಂತ ಕೆಟ್ಟ ಸ್ಥಿತಿ, ಬಿಸಿ ಹೆಚ್ಚು, ಎಣ್ಣೆ ಕಡಿಮೆ. ಕಾಲಿನ ಬ್ರೇಕನ್ನು ನಿಲ್ಲಿಸುವುದಕ್ಕೆ ಇಟ್ಟುಕೊಂಡು ಇಳಿಜಾರಿನುದ್ದಕ್ಕೂ ರಿಟಾರ್ಡರ್ ಲಿವರ್ (ಹಿಂದಿನ ಬ್ರೇಕನ್ನು ಕೈಯಿಂದ ಹದವಾಗಿ ಹಿಡಿದಿಡುವ ಹಿಡಿಕೆ) ಹಿಡಿ. ಮುಳ್ಳು ಕೆಂಪಿನ ಕಡೆ ಹೊರಟರೆ ವೇಗ ಇಳಿಸಿ ಇನ್ನೊಂದು ಗೇರ್ ಕೆಳಗೆ ಬಾ. ಕೆಂಪಿಗೆ ಹೋದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸು, ನ್ಯೂಟ್ರಲ್ ಮಾಡು, ಪಾರ್ಕಿಂಗ್ ಬ್ರೇಕ್ ಹಾಕು, ಆಕ್ಸಿಲರೇಟರ್ ಒತ್ತಿ ಎಂಜಿನ್ ಸುತ್ತು ಏರಿಸಿ ಹಿಡಿ. ಮುಳ್ಳು ಹಸಿರಿಗೆ ಬರುವ ತನಕ ಎಂಜಿನ್ ಓಡುತ್ತಿರಲಿ. ಶಿಫ್ಟ್ ಮುಗಿದಾಗಲೂ ಸುಮಾರು ಐದು ನಿಮಿಷ ಐಡಲಿನಲ್ಲಿ ಬಿಟ್ಟೇ ಆಫ್ ಮಾಡು.

ಈಗ ನಿನ್ನ 400 ಟನ್ನಿನ ವಿಷಯ. ಕ್ಯಾಟರ್‌ಪಿಲ್ಲರ್ 797ಎಫ್ ಹೊರುವುದು 363 ಟನ್, ಎಂಜಿನ್ 4000 ಅಶ್ವಶಕ್ತಿ, ಟೈರ್ ಒಂದೊಂದೂ 4 ಮೀಟರ್ ಎತ್ತರ. ಬೆಲಾರುಸ್‌ನ ಬೆಲಾಜ್ 2013ರಲ್ಲಿ ತಂದ 75710 ಎಂಟು ಟೈರಿನ ಮೇಲೆ 450 ಟನ್ ಹೊರುತ್ತದೆ. ನಮ್ಮ ಮೈಸೂರಿನ ಬಿಇಎಂಎಲ್ ಕಾರ್ಖಾನೆಯಲ್ಲೇ 205 ಟನ್ನಿನ ಬಿಎಚ್205ಇ ಮಾಡಿದ್ದಾರೆ, ಅದನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಿಎಚ್205ಇಯಲ್ಲಿ ಡೀಸೆಲ್ ಎಂಜಿನ್ ಕರೆಂಟು ಮಾಡಿ ಹಿಂಚಕ್ರದ ಮೋಟರಿಗೆ ಕೊಡುತ್ತದೆ. ಇಳಿಯುವಾಗ ಅದೇ ಮೋಟರು ಜನರೇಟರ್ ಆಗಿ, ಬಂದ ಕರೆಂಟನ್ನು ದೊಡ್ಡ ರೆಸಿಸ್ಟರ್ ಪೆಟ್ಟಿಗೆಯಲ್ಲಿ ಸುಟ್ಟು ಬ್ಲೋವರಿನಿಂದ ಹೊರಗೆ ಊದುತ್ತಾರೆ.

ಆದರೆ ಗಾತ್ರ ಹೆಚ್ಚಾದಷ್ಟೂ ಓಡಿಸುವುದು ಕಷ್ಟ, ಹಾಗಾಗಿ ಅದೇ ದೊಡ್ಡ ಕೌಶಲ ಅಂತ ನೀನು ಅಂದುಕೊಂಡಿದ್ದೀಯಲ್ಲ, ಅದು ನಿಜವಲ್ಲ. ಸ್ಟೀರಿಂಗ್ ಹಗುರ, ಗೇರ್ ತನ್ನಷ್ಟಕ್ಕೆ ಬೀಳುತ್ತದೆ. ಕಷ್ಟ ಇರುವುದು ಕಾಣದ್ದನ್ನು ಲೆಕ್ಕ ಹಾಕುವುದರಲ್ಲಿ. ಟೈರನ್ನೇ ತಗೋ. ನೂರು ಟನ್ ವರ್ಗದ ಡಂಪರಿಗೆ 27.00ಆರ್49 ಸೈಜಿನ ಆರು ಟೈರು, ತುಂಬಿದಾಗ ಪ್ರತಿ ಟೈರಿನ ಮೇಲೆ ಸುಮಾರು 27 ಟನ್. ಖಾಲಿಯಿದ್ದಾಗ ಮುಂದಿನ ಟೈರಿನ ಮೇಲೆ 17ರ ಆಸುಪಾಸು. ಎರಡರ ಸರಾಸರಿ 22. ಇಡೀ ಶಿಫ್ಟಿನ ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಆದರೆ 22 ಗುಣಿಸು 20, ಅಂದರೆ 440. ಈ ಸಂಖ್ಯೆಗೆ ಟಿಕೆಪಿಎಚ್ (ಗಂಟೆಗೆ ಟನ್-ಕಿಲೋಮೀಟರ್) ಅನ್ನುತ್ತಾರೆ. ಟೈರ್ ಕಂಪನಿ ಕೊಟ್ಟ ಟಿಕೆಪಿಎಚ್ ಇದಕ್ಕಿಂತ ಕಡಿಮೆಯಿದ್ದರೆ ಹೊರಗಿನಿಂದ ಏನೂ ಕಾಣದೆ ಟೈರು ಒಳಗಿಂದ ಬೆಂದು ಪದರ ಬಿಡುತ್ತದೆ. ಬಿಸಿ ಟೈರಿನಲ್ಲಿ ಗಾಳಿ ಏರಿದೆ ಅಂತ ಯಾವತ್ತೂ ಗಾಳಿ ಬಿಡಬೇಡ. ತಣ್ಣಗಾದ ಮೇಲೆ ಒತ್ತಡ ಕಡಿಮೆಯಾಗಿ ಇನ್ನೂ ಹೆಚ್ಚು ಬೇಯುತ್ತದೆ. ಸಿಡಿಲು ಬಡಿದ ಅಥವಾ ಕರೆಂಟ್ ತಂತಿಗೆ ತಾಗಿದ ಡಂಪರಿನ ಹತ್ತಿರ 24 ಗಂಟೆ ಯಾರೂ ಹೋಗಕೂಡದು, 300 ಮೀಟರ್ ದೂರ ಇರಬೇಕು. ಟೈರಿನೊಳಗೆ ರಬ್ಬರ್ ಸುಟ್ಟು ಅನಿಲವಾಗಿ ಗಂಟೆಗಳ ನಂತರವೂ ಸಿಡಿಯಬಹುದು.

ಎಲ್ಲಿಂದ ಶುರು ಮಾಡಬೇಕು ಅಂದರೆ, ಹಿಟಾಚಿಯ ಹೆಲ್ಪರ್ ಆಗಿ. ಕುಮಟಾ, ಹೊನ್ನಾವರ ಕಡೆಯ ಚಿರೆಕಲ್ಲಿನ ಕ್ವಾರಿಯೋ ಹೆದ್ದಾರಿ ಕೆಲಸವೋ, 20 ಟನ್ನಿನ ಒಂದು ಯಂತ್ರ ಸಾಕು. ದೊಡ್ಡ ಡಂಪರಿನಲ್ಲಿ ಕೆಡುವ ಸೀಲು, ಹೋಸು, ಪಿನ್ನು ಎಲ್ಲ ಇದರಲ್ಲೂ ಕೆಡುತ್ತವೆ, ಆದರೆ ನಿನ್ನ ಕೈಗೆಟುಕುವ ಎತ್ತರದಲ್ಲಿ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಗಂಗಾವಳಿಯಲ್ಲಿ ಉದ್ದ ಬೂಮಿನ ಯಂತ್ರ ಕೆಲಸ ಮಾಡಿದ್ದನ್ನು ನೋಡಿದೆ, ಅಷ್ಟು ದೊಡ್ಡ ಯಂತ್ರಕ್ಕೆ ಅಷ್ಟು ಚಿಕ್ಕ ಬಕೆಟ್ ಯಾಕೆ ಅಂತ ಕೇಳಿದ್ದೀಯಲ್ಲ, ಅದಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ಬೂಮ್ ಉದ್ದವಾದಷ್ಟೂ ತುದಿಯ ಭಾರ ಯಂತ್ರವನ್ನು ಮುಂದಕ್ಕೆ ಎಳೆಯುತ್ತದೆ. 20 ಟನ್ ವರ್ಗದಲ್ಲಿ ಮಾಮೂಲಿ ಬಕೆಟ್ ಹೆಚ್ಚುಕಡಿಮೆ 0.9 ಘನ ಮೀಟರ್ ಇದ್ದರೆ ಉದ್ದ ಬೂಮಿಗೆ ಅದರ ಅರ್ಧ ಅಷ್ಟೇ.

ನಮ್ಮ ಕರಾವಳಿಯಲ್ಲಿ ಹೆಲ್ಪರಿಗೆ ಕೆಲಸ ಜಾಸ್ತಿ. ಬಕೆಟ್ ಪಿನ್ನುಗಳಿಗೆ ದಿನಾ ಗ್ರೀಸ್ ಹೊಡೆ, ನೀರಿನಲ್ಲಿ ಕೆಲಸ ಮಾಡಿದ ದಿನ ಸಂಜೆ ಮತ್ತೆ ಹೊಡೆ. ಹಳೇ ಗ್ರೀಸ್ ಹೊರಗೆ ಬಂದು ಹೊಸದು ಕಾಣುವ ತನಕ ಹೊಡೆದರಷ್ಟೇ ಒಳಗಿದ್ದ ನೀರು ಹೋಗುತ್ತದೆ. ಚೈನಿಗೂ ರೋಲರಿಗೂ ನಡುವೆ ಕಚ್ಚಿದ ಕೆಂಪು ಮಣ್ಣನ್ನು ಅದೇ ಸಂಜೆ ತೆಗೆ, ಒಣಗಿದರೆ ರೋಲರ್ ತಿರುಗದೆ ಒಂದೇ ಕಡೆ ಸವೆಯುತ್ತದೆ. ಮಳೆಗಾಲದಲ್ಲಿ ಡೀಸೆಲ್ ಟ್ಯಾಂಕನ್ನು ಸಂಜೆಯೇ ತುಂಬಿಸು, ಬೆಳಿಗ್ಗೆ ವಾಟರ್ ಸೆಪರೇಟರಿನ ನೀರು ಬಿಡು. ಹೈಡ್ರಾಲಿಕ್ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕಂಡರೆ ನೀರು ಸೇರಿದೆ ಅಂತಲೇ ಲೆಕ್ಕ, ಯಂತ್ರ ನಿಲ್ಲಿಸು, ಇಲ್ಲವಾದರೆ ಪಂಪು ಹೋಗುತ್ತದೆ. ಹೋಸಿನಿಂದ ಸಣ್ಣಗೆ ಎಣ್ಣೆ ಚಿಮ್ಮುತ್ತಿದ್ದರೆ ಕೈಯಿಂದ ಮುಟ್ಟಿ ಹುಡುಕಬೇಡ, ಕಾರ್ಡ್‌ಬೋರ್ಡ್ ಹಿಡಿ. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋದರೆ ಬೆರಳೇ ಹೋಗುತ್ತದೆ. ಚೈನ್ ಸಡಿಲಿಸಲು ಗ್ರೀಸ್ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬೇಡ, ಮುಖವನ್ನು ಅದರ ನೇರಕ್ಕೆ ತರಲೂ ಬೇಡ.

ಡಿಪ್ಲೊಮಾ ಬೇಕಾದರೆ ಆಮೇಲೂ ಮಾಡಬಹುದು. ಅದಕ್ಕೂ ಮೊದಲು ಅಪ್ರೆಂಟಿಸ್‌ಗೆ ಅರ್ಜಿ ಹಾಕು, ಐಟಿಐ ಆದವನಿಗೆ ಅದೇ ಹತ್ತಿರದ ದಾರಿ. ಟಾಟಾ ಹಿಟಾಚಿ ಕಾರ್ಖಾನೆ ಧಾರವಾಡದಲ್ಲೇ ಇದೆ, ಬಿಇಎಂಎಲ್ ಮೈಸೂರಿನಲ್ಲೂ ಕೆಜಿಎಫ್‌ನಲ್ಲೂ ಇದೆ.

ಕೋರ್ಸ್ ಬೇಡ ಅಂದದ್ದಕ್ಕೆ ಕಾರಣ ಇದು: ಗಣಿಯಲ್ಲಿ ಡಂಪರ್ ಹತ್ತಲು ಯಾವ ಸರ್ಟಿಫಿಕೇಟೂ ಸಾಲದು. ಗಣಿಯ ಮ್ಯಾನೇಜರ್ ನಿನ್ನ ಕೆಲಸ ನೋಡಿ ಬರಹದಲ್ಲಿ ಅಧಿಕಾರ ಕೊಡಬೇಕು. ಈಗಲೇ ಎಲ್‌ಎಂವಿ (ಕಾರಿನಂಥ ಹಗುರ ವಾಹನದ) ಲೈಸೆನ್ಸ್ ಮಾಡಿಸಿಕೋ. ಅದಕ್ಕೆ ಒಂದು ವರ್ಷ ತುಂಬಿ, ನಿನಗೆ 20 ಆದ ಮೇಲೆಯೇ ಹೆವಿಗೆ ಅರ್ಜಿ ಹಾಕಲು ಬರುತ್ತದೆ. ಗಣಿಗೆ ಸೇರುವಾಗ ವೈದ್ಯಕೀಯ ತಪಾಸಣೆ, ವೊಕೇಶನಲ್ ಟ್ರೇನಿಂಗ್ (ಗಣಿ ಕೆಲಸದ ತರಬೇತಿ) ಎರಡೂ ಆಗಬೇಕು, ಅದನ್ನು ಮಾಡಿಸುವುದು ಕೆಲಸ ಕೊಡುವವರ ಜವಾಬ್ದಾರಿ. ಇವೆರಡನ್ನೂ ಬಿಟ್ಟು ನಾಳೆಯಿಂದಲೇ ಸೀಟು ಕೊಡುತ್ತೇವೆ ಅನ್ನುವ ಗುತ್ತಿಗೆದಾರ ಸಿಕ್ಕರೆ, ಸಂಬಳ ಎಷ್ಟೇ ಹೇಳಲಿ, ಹೋಗಬೇಡ.