ದನಿ ಮಾಯವಾದರೆ ರೆಕಾರ್ಡು ಕೆಟ್ಟಿದೆ ಅಂತಲ್ಲ

ಪ್ರಶ್ನೆ: ಡಬ್ ಪ್ರಭಾವ ಇರುವ ಸೈಕೆಡೆಲಿಕ್ ಪಾಪ್ ಆಲ್ಬಮ್ ಒಂದನ್ನು ವಿನೈಲ್‌ನಲ್ಲಿ ಕೊಂಡೆ. ಹಾಡುವ ದನಿ ನಡುನಡುವೆ ಮಾಯವಾಗಿ ಬರೀ ಬೇಸ್, ಡ್ರಮ್ ಉಳಿಯುತ್ತವೆ. ಒಂದು ಕಡೆ ಮುಳ್ಳು ಹಾರುತ್ತದೆ. ಕೊನೆಯ ಹಾಡು ಮಸುಕಾಗಿ ಕೇಳುತ್ತದೆ. ವಾಪಸ್ ಕೊಡಲೇ?

ಉತ್ತರ: ಈಗಲೇ ಬೇಡ, ಸ್ವಲ್ಪ ತಡೆಯಿರಿ. ದನಿ ಮಾಯವಾಗುವುದು ದೋಷವಲ್ಲ, ಡಬ್ ಅಂದರೆ ಅದೇ. 1960ರ ದಶಕದ ಕೊನೆಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಇದು ಶುರುವಾಯಿತು. ಅಲ್ಲಿನ ಕಿಂಗ್ ಟಬ್ಬಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುತ್ತಿದ್ದವರು. ಒಂದೊಂದು ಸದ್ದನ್ನೂ ಏರಿಸಿ ಇಳಿಸುವ ಸ್ಟುಡಿಯೊ ಮಿಕ್ಸರ್ ಅನ್ನೇ ವಾದ್ಯದ ಹಾಗೆ ನುಡಿಸಿದರು. ಮೊದಲೇ ರೆಕಾರ್ಡ್ ಆಗಿದ್ದ, ರೆಗೆ ಅನ್ನುವ ಜಮೈಕಾ ಶೈಲಿಯ ಹಾಡನ್ನು ತಗೊಳ್ಳುವುದು, ಗಾಯಕ ಎರಡು ಮಾತು ಹಾಡುತ್ತಲೇ ದನಿಯನ್ನು ಪೂರ್ತಿ ಇಳಿಸುವುದು, ಗಿಟಾರಿನ ಒಂದೇ ಒಂದು ಮೀಟನ್ನು ಎಕೋಗೆ ಬಿಡುವುದು. ಟೇಪ್ ಎಕೋದಲ್ಲಿ ಆ ಸದ್ದು ಟೇಪಿಗೆ ಇಳಿದು, ಕ್ಷಣ ತಡವಾಗಿ ಹೊರಬಂದು, ಮತ್ತೆ ಟೇಪಿಗೇ ಹೋಗುತ್ತದೆ. ಪ್ರತಿ ಸುತ್ತಿಗೂ ಅಂಚು ಸವೆದು ಮೆತ್ತಗಾಗುತ್ತದೆ. 1973ರಲ್ಲಿ ಡಬ್‌ನ ಇನ್ನೊಬ್ಬ ದಿಗ್ಗಜ ಲೀ ಪೆರ್ರಿ ಮನೆಯ ಹಿತ್ತಲಲ್ಲೇ ಬ್ಲ್ಯಾಕ್ ಆರ್ಕ್ ಸ್ಟುಡಿಯೊ ಕಟ್ಟಿಕೊಂಡರು. ನಾಲ್ಕೇ ಟ್ರ್ಯಾಕ್‌ಗಳಲ್ಲಿ, ಅಂದರೆ ಟೇಪಿನ ನಾಲ್ಕೇ ಪಟ್ಟಿಗಳಲ್ಲಿ, ಅವರು ಮಾಡಿದ ಕೆಲಸ ಕೇಳಿದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನಿಮ್ಮ ಆಲ್ಬಮ್‌ನಲ್ಲಿ ದನಿ ಹೋದಾಗ ಅದನ್ನು ಹುಡುಕಬೇಡಿ. ಸುಮ್ನೆ ಬೇಸ್ ಹಿಡಿದುಕೊಂಡು ಹೋಗಿ. ಅಲ್ಲಿ ಹಾಡುತ್ತಿರುವುದು ಅದೇ.

ಮುಳ್ಳು ಹಾರುವುದು ಬೇರೆ ವಿಷಯ. ಬೇಸ್ ಜಾಸ್ತಿ ಇದ್ದಷ್ಟೂ ರೆಕಾರ್ಡಿನ ಗೆರೆ ಅತ್ತಿತ್ತ ಜೋರಾಗಿ ಓಲಾಡುತ್ತದೆ. ಕೆತ್ತುವಾಗ ಬೇಸ್ ತಗ್ಗಿಸಿರುತ್ತಾರೆ, ಪ್ಲೇಯರ್‌ನ ಸದ್ದನ್ನು ಹಿಗ್ಗಿಸುವ ಫೋನೊ ಪ್ರೀಆಂಪ್ ಅದನ್ನು ಮತ್ತೆ ಏರಿಸುತ್ತದೆ. ಆದರೂ ಮುಳ್ಳಿಗೆ ಅದು ಕಷ್ಟದ ದಾರಿಯೇ. ನಾನೂ ಇದರಲ್ಲಿ ಎಡವಿದ್ದೆ. ಭಾರ ಕಡಿಮೆ ಇದ್ದರೆ ರೆಕಾರ್ಡಿಗೆ ಒಳ್ಳೆಯದು ಅಂತ ಮುಳ್ಳು ಹೊತ್ತ ತೋಳು, ಅಂದರೆ ಟೋನ್ ಆರ್ಮನ್ನು 1 ಗ್ರಾಂ ಭಾರಕ್ಕೆ ಇಟ್ಟಿದ್ದೆ. ನನ್ನ ಕಾರ್ಟ್ರಿಡ್ಜ್‌ಗೆ (ತೋಳಿನ ತುದಿಯಲ್ಲಿ ಮುಳ್ಳು ಕೂತಿರುವ ಭಾಗ) ಬೇಕಿದ್ದದ್ದು 2 ಗ್ರಾಂ. ಮೂರನೇ ಹಾಡಲ್ಲಿ ಡ್ರಮ್ ನಿಂತು ಬೇಸ್ ಒಂದೇ ಇಳಿಯುವ ಜಾಗದಲ್ಲಿ ಪ್ರತಿ ಸಲವೂ ಟಕ್ ಅಂತ ಮುಂದಿನ ಗೆರೆಗೆ ಜಿಗಿಯುತ್ತಿತ್ತು. ಪುಟ್ಟ ತೂಕದ ಮಾಪಕ ತಂದು ಸರಿಮಾಡಿದೆ. ಜಿಗಿತ ನಿಂತಿತು. ಅಷ್ಟು ದಿನ ಆ ಇಳಿತವನ್ನೇ ಕೇಳಿರಲಿಲ್ಲ ಅಂತ ಆಗ ಗೊತ್ತಾಯಿತು. ಭಾರ ತೀರಾ ಕಡಿಮೆಯಾದರೆ ಮುಳ್ಳು ಗೆರೆಯ ಗೋಡೆಗೆ ಬಡಿದು ರೆಕಾರ್ಡನ್ನೇ ಹಾಳುಮಾಡುತ್ತದೆ. ಹಾಗಂತ ಭಾರ ಹೆಚ್ಚಿಸಲು ಟೋನ್ ಆರ್ಮಿನ ಮೇಲೆ ನಾಣ್ಯ ಇಡಬೇಡಿ. ಸ್ಪೀಕರ್ ಪ್ಲೇಯರ್ ಇರುವ ಮೇಜಿನ ಮೇಲೇ ಇದ್ದರೆ ಕೆಳಗಿಳಿಸಿ, ಅದರ ಅದುರು ಮುಳ್ಳನ್ನು ಅಲುಗಿಸುತ್ತದೆ. ಇಷ್ಟೆಲ್ಲ ಮಾಡಿ, ಇನ್ನೊಬ್ಬರ ಪ್ಲೇಯರ್‌ನಲ್ಲೂ ಅದೇ ಜಾಗದಲ್ಲಿ ಹಾರಿದರೆ ಆಗ ವಾಪಸ್ ಕೊಡಿ.

ಕೊನೆಯ ಹಾಡಿನ ಮಸುಕು ವಿನೈಲ್‌ಗೆ ಹುಟ್ಟಿನಿಂದ ಬಂದದ್ದು. ಎಲ್‌ಪಿ, ಅಂದರೆ ನಿಮ್ಮಂಥ ದೊಡ್ಡ ಆಲ್ಬಮ್ ರೆಕಾರ್ಡು, ಒಂದು ಸುತ್ತಿಗೆ 1.8 ಸೆಕೆಂಡು ತಗೊಳ್ಳುತ್ತದೆ. ಅಷ್ಟರಲ್ಲಿ ಹೊರಗಡೆ ಮುಳ್ಳಿನ ಕೆಳಗೆ ಸುಮಾರು 90 ಸೆಂ.ಮೀ. ಗೆರೆ ಸಾಗುತ್ತದೆ, ಒಳಗಡೆ 40ಕ್ಕೂ ಕಡಿಮೆ. ಅಷ್ಟೇ ಸಂಗೀತ, ಅರ್ಧಕ್ಕಿಂತ ಕಡಿಮೆ ಜಾಗ. ಕಾರ್ಟ್ರಿಡ್ಜ್ ನೇರವಾಗಿ ಕೂತಿದೆಯಾ ನೋಡಿ, ಎಷ್ಟೋ ಸುಧಾರಿಸುತ್ತದೆ.