ಅವನ ಮುಖ ಹೇಗಿದೆ ಅಂತ ನೀವು ಬರೆದೇ ಇಲ್ಲ

ಹೆಸರು ಹಾಕಬೇಡಿ ಎಂದು ಕೇಳಿಕೊಂಡ 24 ವರ್ಷದ ಓದುಗರೊಬ್ಬರಿಂದ ನಾಲ್ಕು ಪುಟದ ಪತ್ರ ಬಂದಿದೆ. ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ. ಅದರ ಮುಖ್ಯ ಭಾಗ ಇಷ್ಟು:

“ನನ್ನ ಗೆಳತಿಯರಿಗೆಲ್ಲ ಯಾರೋ ಒಬ್ಬ ಹೀರೋ ಮೇಲೆ, ಇಲ್ಲವೇ ಆಟಗಾರನ ಮೇಲೆ ಕ್ರಶ್. ಫೋನ್ ತೆರೆದರೆ ಅವರದೇ ಫೋಟೊ. ನನಗೆ ಇವತ್ತಿನವರೆಗೆ ಯಾವ ನಿಜವಾದ ಸ್ಟಾರ್ ಮೇಲೂ ಹಾಗೆ ಅನ್ನಿಸಿಲ್ಲ. ನನ್ನ ಮನಸ್ಸು ಹೋಗುವುದೆಲ್ಲ ಕತೆಯೊಳಗಿನ ಪಾತ್ರಗಳ ಮೇಲೆ. ಈಗ ಮೂರು ವರ್ಷದಿಂದ ಒಂದು ಕಾದಂಬರಿ ಮಾಲೆಯಲ್ಲಿ ಬರುವ ಹಡಗಿನ ಡಾಕ್ಟರ್. ಆ ಕತೆ ಟಿವಿಯಲ್ಲಿ ಬಂತು. ಆ ಪಾತ್ರ ಮಾಡಿದ ನಟನ ಸಂದರ್ಶನ ನೋಡಲು ಕೂತೆ. ಹತ್ತು ನಿಮಿಷಕ್ಕೆ ಆಫ್ ಮಾಡಿದೆ. ಅವನ ಮುಖ ಹಾಕಿಕೊಂಡು ಬೇರೆ ಯಾರೋ ಕೂತಿರುವ ಹಾಗಿತ್ತು. ಅಕ್ಕನಿಗೆ ಹೇಳಿದೆ. ‘ನಿನಗೆ ನಿಜವಾದ ಮನುಷ್ಯರೆಂದರೆ ಭಯ, ಅದಕ್ಕೇ ಇಲ್ಲದವನನ್ನು ಹಿಡಿದುಕೊಂಡಿದ್ದೀಯ’ ಅಂದಳು. ಅದು ನಿಜವಾ? ನನ್ನಲ್ಲಿ ಏನಾದರೂ ಸರಿಯಿಲ್ಲವಾ? ಇನ್ನೊಂದು ವಿಷಯ. ಮಾಲೆಯ ಕೊನೆಯ ಭಾಗ ಬಂದು ಎಂಟು ತಿಂಗಳಾಯಿತು. ತಂದಿಟ್ಟುಕೊಂಡಿದ್ದೇನೆ. ಅವನು ಸತ್ತುಹೋಗುತ್ತಾನೇನೋ ಎಂಬ ಹೆದರಿಕೆಗೆ ಇನ್ನೂ ತೆರೆದಿಲ್ಲ.”

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾಲ್ಕು ಪುಟದಲ್ಲಿ ಆ ಡಾಕ್ಟರ್ ನೋಡಲು ಹೇಗಿದ್ದಾರೆ ಅಂತ ಒಂದು ಸಾಲೂ ಇಲ್ಲ. ಎತ್ತರವೋ ಗಿಡ್ಡವೋ, ಬಿಳುಪೋ ಕಪ್ಪೋ, ಏನೂ ಇಲ್ಲ. ಹಾಗಾದರೆ ಏನು ಬರೆದಿದ್ದೀರಿ? ಸುಳ್ಳು ಹೇಳುವ ಮೊದಲು ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ ಅಂತ ಬರೆದಿದ್ದೀರಿ. ಬದುಕುವ ಆಸೆಯಿಲ್ಲದ ಎಳೆಯ ನಾವಿಕನಿಗೆ “ನಾಳೆ ದಡ ಕಾಣುತ್ತೆ” ಅಂತ ಹೇಳುವಾಗ ಒರೆಸುತ್ತಾರಂತೆ. ನಾಲ್ಕನೇ ಭಾಗದಲ್ಲಿ ಕ್ಯಾಪ್ಟನ್ “ನಾನು ಉಳೀತೀನಾ?” ಅಂತ ಕೇಳಿದಾಗ ಅವರ ಕೈ ಕನ್ನಡಕದವರೆಗೂ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ. ಕೈ ಕೆಳಗಿಳಿಸಿ ನಿಜ ಹೇಳುತ್ತಾರೆ.

ಆ ಎರಡು ದೃಶ್ಯಗಳ ನಡುವೆ ಮೂರು ಭಾಗಗಳಷ್ಟು ಪುಟ ಇದೆ. ಅಷ್ಟು ದೂರದ ಎರಡು ಸಣ್ಣ ಚಲನೆಗಳನ್ನು ನೀವು ಜೋಡಿಸಿ ಇಟ್ಟುಕೊಂಡಿದ್ದೀರಿ. ಒಬ್ಬರನ್ನು ಇಷ್ಟು ಗಮನವಿಟ್ಟು ನೋಡಲು ಬರುವವರ ಮನಸ್ಸಿನಲ್ಲಿ ಏನೋ ಸರಿಯಿಲ್ಲ ಅಂತ ನಾನು ಹೇಗೆ ಹೇಳಲಿ?

ಅಕ್ಕ ಬಳಸಿದ “ಇಲ್ಲದವನು” ಅನ್ನುವ ಮಾತಿಗೆ ಬರೋಣ. ನಿಮ್ಮ ಗೆಳತಿಯರ ಫೋನಿನಲ್ಲಿರುವ ಹೀರೋ ನಿಜಕ್ಕೂ ಇದ್ದಾರೆ, ಒಪ್ಪುತ್ತೇನೆ. ಆದರೆ ನಿಮ್ಮ ಗೆಳತಿಯರಿಗೆ ಅವರು ಎಷ್ಟು ಗೊತ್ತು? ಯಾರೋ ಆರಿಸಿದ ಫೋಟೊ, ಯಾರೋ ತಯಾರು ಮಾಡಿಕೊಟ್ಟ ಪ್ರಶ್ನೆಗೆ ಕೊಟ್ಟ ಉತ್ತರ, ಕ್ಯಾಮೆರಾ ಇದೆ ಅಂತ ಗೊತ್ತಿದ್ದು ನಕ್ಕ ನಗು. ಅದನ್ನು ಕೂಡಿಸಿ ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ.

1951ರಲ್ಲಿ ಅಮೆರಿಕದ ಸುಮಾರು 90 ನಗರಗಳಲ್ಲಿ ಒಂದು ರೇಡಿಯೊ ಕಾರ್ಯಕ್ರಮ ಬರುತ್ತಿತ್ತು. ‘ಲೋನ್‌ಸಮ್ ಗ್ಯಾಲ್’, ಅಂದರೆ ಒಂಟಿ ಹುಡುಗಿ ಅಂತ ಅದರ ಹೆಸರು. ಒಬ್ಬ ಹೆಂಗಸು ಮೆಲ್ಲಗೆ, ಎದುರಿಗೆ ಕೂತವರ ಜೊತೆ ಮಾತಾಡುವ ಹಾಗೆ ಮಾತಾಡುತ್ತಿದ್ದಳು. ಅಷ್ಟೇ. ಅವಳಿಗೆ ಮದುವೆಯಾಗೋಣ ಅಂತ ಸಾವಿರಾರು ಪತ್ರ ಬಂದವು. ಜೀವನವೆಲ್ಲ ಹುಡುಕುತ್ತಿದ್ದ ಹೆಣ್ಣು ನೀವೇ ಅಂತ ಗಂಡಸರು ತುಂಬ ಗೌರವದಿಂದ ಬರೆದಿದ್ದರು. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು ಇಂಥ ಒಂದೇ ಕಡೆಯ ನಂಟಿಗೆ ‘ಪ್ಯಾರಾಸೋಷಿಯಲ್’ ಅಂತ ಹೆಸರಿಟ್ಟಾಗ ಅವರು ಕೊಟ್ಟ ಉದಾಹರಣೆಗಳಲ್ಲಿ ಇದೂ ಒಂದು. ದೂರದಲ್ಲೇ ಇದ್ದು ಆಪ್ತರಾಗುವುದು ಅಂತ ಅವರು ಅದನ್ನು ವಿವರಿಸಿದರು. ಆ ಗಂಡಸರು ಮನಸೋತದ್ದು ಯಾರಿಗೆ? ಧ್ವನಿ ನಿಜ. ಒಂಟಿ ಹುಡುಗಿ ಮಾತ್ರ ಆ ಕಾರ್ಯಕ್ರಮಕ್ಕಾಗಿ ಮಾಡಿದ ವೇಷ.

ಹೀಗೆ ನೋಡಿದರೆ ನಿಮ್ಮ ಮತ್ತು ನಿಮ್ಮ ಗೆಳತಿಯರ ನಡುವೆ ಅಂಥ ದೊಡ್ಡ ಅಂತರವೇನೂ ಇಲ್ಲ. ಇರುವ ಅಂತರ ಒಂದೇ. ಸ್ಟಾರ್‌ಗಳ ವಿಷಯದಲ್ಲಿ ನಮಗೆ ಕಾಣುವುದು ಹೊರಗಿನದು. ಪಾತ್ರದ ವಿಷಯದಲ್ಲಿ ಬರೆದವರು ನಮ್ಮನ್ನು ಒಳಗೇ ಕೂರಿಸುತ್ತಾರೆ. ಕನ್ನಡಕದತ್ತ ಹೋದ ಕೈ ಯಾಕೆ ನಿಂತಿತು ಅಂತ ಕ್ಯಾಪ್ಟನ್‌ಗೆ ಗೊತ್ತಿಲ್ಲ. ನಿಮಗೆ ಗೊತ್ತು. ಇಷ್ಟು ಒಳಗಿನವರೆಗೆ ಬಿಟ್ಟುಕೊಂಡ ಮೇಲೆ ಪ್ರೀತಿ ಹುಟ್ಟದೇ ಇದ್ದರೇ ಆಶ್ಚರ್ಯ.

ಆ ಸಂದರ್ಶನ ಸಪ್ಪೆ ಅನ್ನಿಸಿದ್ದೂ ಇದಕ್ಕೇ. ಅದರಲ್ಲಿ ನಟನ ತಪ್ಪೂ ಇಲ್ಲ, ನಿಮ್ಮದೂ ಇಲ್ಲ. ಲಿಯೊನಾರ್ಡ್ ನಿಮಾಯ್ ಅನ್ನುವ ನಟ 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ ಸರಣಿಯಲ್ಲಿ ಸ್ಪಾಕ್ ಅನ್ನುವ ಪಾತ್ರ ಮಾಡಿದ್ದರು. ಜನ ಅವರನ್ನು ಸ್ಪಾಕ್ ಅಂತಲೇ ಕಂಡರು. 1975ರಲ್ಲಿ ಅವರು ಬರೆದ ಆತ್ಮಕತೆಯ ಹೆಸರೇ ‘ನಾನು ಸ್ಪಾಕ್ ಅಲ್ಲ’. ಆ ಹೆಸರು ನೋಡಿ ಅಭಿಮಾನಿಗಳು ನೊಂದುಕೊಂಡರು. 20 ವರ್ಷ ಬಿಟ್ಟು, 1995ರಲ್ಲಿ, ಇನ್ನೊಂದು ಪುಸ್ತಕ ಬರೆದರು. ಅದರ ಹೆಸರು ‘ನಾನು ಸ್ಪಾಕ್’. ಪಾತ್ರಕ್ಕೂ ತನಗೂ ನಡುವಿನ ಗೆರೆ ಎಲ್ಲಿದೆ ಅಂತ ಹುಡುಕಲು ಆ ಪಾತ್ರ ಮಾಡಿದವರಿಗೇ ಎರಡು ಪುಸ್ತಕ ಬೇಕಾಯಿತು. ನೀವು ಅದನ್ನು ಹತ್ತು ನಿಮಿಷದಲ್ಲಿ ಕಂಡುಕೊಂಡು ಟಿವಿ ಆಫ್ ಮಾಡಿದಿರಿ. ಆ ನಟನನ್ನು ನೀವು ಅವರ ಪಾಡಿಗೆ ಬಿಟ್ಟಿರಿ, ಅಲ್ವಾ? ಅವರು ಯಾರನ್ನು ಮದುವೆಯಾದರು, ಯಾಕೆ ಬೇರೆಯಾದರು ಅಂತ ಬೆನ್ನು ಹತ್ತಲಿಲ್ಲ. ನಿಜವಾದ ಮನುಷ್ಯರ ಮೇಲಿನ ಮೋಹ ಅವರ ಮನೆಬಾಗಿಲವರೆಗೂ ಹೋಗಿ ಕಾಟ ಕೊಟ್ಟಿದ್ದನ್ನು ಪತ್ರಿಕೆಯಲ್ಲಿರುವ ನಾವು ಜಾಸ್ತಿಯೇ ನೋಡಿದ್ದೇವೆ. ನಿಮ್ಮ ಪ್ರೀತಿಯಿಂದ ಯಾರ ನಿದ್ದೆಯೂ ಕೆಟ್ಟಿಲ್ಲ.

ನನ್ನದೂ ಒಂದು ಕತೆ ಹೇಳುತ್ತೇನೆ. ಕಾಲೇಜಿನ ದಿನಗಳಲ್ಲಿ ಒಂದು ವಾರಪತ್ರಿಕೆಯ ಧಾರಾವಾಹಿಯಲ್ಲಿ ನನಗೆ ಒಬ್ಬಳು ಸಿಕ್ಕಳು. ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ರಾತ್ರಿ ಪಾಳಿಯ ಆಪರೇಟರ್. ನಾಯಕಿಯೇನಲ್ಲ, ನಾಯಕಿಯ ಗೆಳತಿ. ಚಪ್ಪಲಿ ಕಳಚಿ, ಸ್ಟೂಲಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟುಕೊಂಡು ಕೂರುತ್ತಿದ್ದಳು. ಊರಿನ ಎಲ್ಲರ ಗುಟ್ಟೂ ಅವಳ ಕಿವಿಗೆ ಬೀಳುತ್ತಿತ್ತು. ಒಂದನ್ನೂ ಯಾರಿಗೂ ಹೇಳುತ್ತಿರಲಿಲ್ಲ. ಅದೊಂದಕ್ಕೇ ನಾನು ಸೋತುಹೋದೆ. ವಾರ ವಾರ ಆ ಪುಟಗಳನ್ನು ಕಿತ್ತು, ಸೂಜಿ ದಾರದಿಂದ ಹೊಲಿದು ಇಟ್ಟುಕೊಳ್ಳುತ್ತಿದ್ದೆ. ಒಂದು ವಾರ ಬೇರೆ ಕಲಾವಿದರು ಚಿತ್ರ ಬರೆದಿದ್ದರು. ದುಂಡು ಮುಖ, ದೊಡ್ಡ ಕಣ್ಣು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಚಿತ್ರದ ಮೇಲೆ ಬಿಳಿ ಕಾಗದ ಅಂಟಿಸಿದೆ. ಅವಳು ಹಾಗಿಲ್ಲ ಅಂತ ನನಗೆ ಗೊತ್ತಿತ್ತು. ಹೇಗಿದ್ದಾಳೆ ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಎಷ್ಟೋ ವರ್ಷ ಕಳೆದು, ಈ ಕೆಲಸಕ್ಕೆ ಸೇರಿದ ಮೇಲೆ, ಆ ಲೇಖಕರು ಒಮ್ಮೆ ಎದುರಿಗೆ ಸಿಕ್ಕರು. ಎದೆ ಹೊಡೆದುಕೊಳ್ಳುತ್ತಿತ್ತು. ಧಾರಾವಾಹಿ ಮುಗಿದ ಮೇಲೆ ಅವಳು ಏನಾದಳು ಅಂತ ಕೇಳಿದೆ. ಅವರು ಹಣೆ ಉಜ್ಜಿಕೊಂಡು ಯೋಚಿಸಿದರು. “ಟೆಲಿಫೋನ್ ಆಪರೇಟರ್? ಯಾವ ಕತೆ ಅದು?” ಅಂದರು. ಹತ್ತಾರು ಧಾರಾವಾಹಿ ಬರೆದವರು, ಅವರಿಗೆ ಮರೆತೇ ಹೋಗಿತ್ತು. ಮನೆಗೆ ಬಂದು ಆ ಹೊಲಿದ ಕಟ್ಟು ಹುಡುಕಿ ತೆಗೆದೆ. ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಅವಳು ಅಲ್ಲೇ ಕೂತಿದ್ದಳು. ಹುಟ್ಟಿಸಿದವರೇ ಮರೆತ ಮೇಲೂ ಇದ್ದಳು. ಅವತ್ತಿನಿಂದ “ಇಲ್ಲದವಳು” ಅನ್ನುವ ಮಾತು ನನಗೆ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಷರ್ಲಾಕ್ ಹೋಮ್ಸ್‌ನನ್ನು ಬರೆದ ಕಾನನ್ ಡಾಯ್ಲ್‌ಗೂ ತಮ್ಮ ಪಾತ್ರ ಸಾಕಾಗಿಹೋಗಿತ್ತು. 1893ರಲ್ಲಿ ಅವನನ್ನು ಸಾಯಿಸಿದರು. ಒಬ್ಬ ಓದುಗ ಮಹಿಳೆ ಬರೆದ ಪತ್ರ “ಎಲಾ ಮೃಗವೇ!” ಅಂತಲೇ ಶುರುವಾಗಿತ್ತಂತೆ, ಡಾಯ್ಲ್ ತಾವೇ ಅದನ್ನು ನೆನೆದು ಬರೆದಿದ್ದಾರೆ. ಹತ್ತು ವರ್ಷವಾಗುವಷ್ಟರಲ್ಲಿ ಅವನನ್ನು ಮತ್ತೆ ಬದುಕಿಸಿ ತರಬೇಕಾಯಿತು. ಆ ಮಹಿಳೆ ಪತ್ರ ಬರೆಯುವಾಗ ಎಷ್ಟು ಅತ್ತಿದ್ದರೋ ಅಂತ ನಾನು ಆಗಾಗ ಯೋಚಿಸುತ್ತೇನೆ. ಆ ಸಂಕಟ ಸುಮ್ನೆ ಬರುವಂಥದ್ದಲ್ಲ.

ಈಗ ಭಯದ ಪ್ರಶ್ನೆ. ಇದನ್ನು ತಳ್ಳಿಹಾಕುವುದಿಲ್ಲ, ಯಾಕೆಂದರೆ ನೀವು ಪ್ರಾಮಾಣಿಕವಾಗಿ ಕೇಳಿದ್ದೀರಿ. ಪಾತ್ರವನ್ನು ಪ್ರೀತಿಸುವುದರಲ್ಲಿ ಒಂದು ನೆಮ್ಮದಿ ಇದೆ. ಅವರು ನಿಮ್ಮನ್ನು ಬೇಡ ಅನ್ನುವುದಿಲ್ಲ. ನಿಮ್ಮ ಮಾತಿಗೆ ನಗುವುದಿಲ್ಲ. ಮನಸ್ಸಿಗೆ ಪೆಟ್ಟು ಬಿದ್ದ ಕಾಲದಲ್ಲಿ ಅಲ್ಲಿ ಸ್ವಲ್ಪ ದಿನ ತಂಗಿದರೆ ತಪ್ಪೇನು? ಕೆಲವರಿಗೆ ಇದು ಜೀವನಪೂರ್ತಿ ಇರುವ ರೀತಿ. ಪಾತ್ರಗಳನ್ನು ಬಿಟ್ಟು ಯಾರ ಮೇಲೂ ಅವರಿಗೆ ಹಾಗೆ ಅನ್ನಿಸುವುದಿಲ್ಲ, ಅದನ್ನು ತಾವೇ ಹೆಸರಿಟ್ಟು ಹೇಳಿಕೊಳ್ಳುತ್ತಾರೆ. ಅವರನ್ನು ಕಾಯಿಲೆಯವರ ಹಾಗೆ ನೋಡುವುದು ನನಗೆ ಹಿಡಿಸುವುದಿಲ್ಲ. ನೀವು ಯಾವ ಗುಂಪು ಅಂತ ನಾನು ಇಲ್ಲಿ ಕೂತು ತೀರ್ಮಾನ ಮಾಡಲಾರೆ, ನೀವೂ ಈಗಲೇ ಮಾಡಬೇಕಾಗಿಲ್ಲ. ಪುಸ್ತಕ ಮುಚ್ಚಿದ ಮೇಲೆ ನಿಮಗೆ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸುತ್ತದಾ, ಇಲ್ಲ ಯಾರ ಮುಖವೂ ಬೇಡ ಅನ್ನಿಸುತ್ತದಾ? ನಿಮ್ಮನ್ನು ನೀವು ಅಷ್ಟು ಕೇಳಿಕೊಳ್ಳಿ. ನನಗೆ ನಾಲ್ಕು ಪುಟ ಬರೆದವರು, ಅಕ್ಕನ ಹತ್ತಿರ ಹೋಗಿ ಹೇಳಿಕೊಂಡವರು ನೀವು. ಯಾರ ಮುಖವೂ ಬೇಡ ಅನ್ನಿಸಿದರೆ ಮಾತ್ರ, ಅದೂ ಬಹಳ ದಿನ ಹಾಗೇ ಇದ್ದರೆ, ನಂಬಿಕೆಯ ಒಬ್ಬರಿಗೆ, ಬೇಕಾದರೆ ಆಪ್ತಸಲಹೆಗಾರರಿಗೆ, ಹೇಳಿ.

ನನಗೆ ಚಿಂತೆಯಾಗುವ ಜಾಗ ಬೇರೆ ಇದೆ. ಪಾತ್ರದ ಮನಸ್ಸಿನಲ್ಲಿ ಏನಿದೆ ಅಂತ ಹೇಳಲು ಒಬ್ಬ ಲೇಖಕ ಇರುತ್ತಾನೆ. ಡಾಕ್ಟರ್ ಬಾಗಿಲು ಹಾಕಿಕೊಂಡು ಹೋದರೆ, ಹೊರಗೆ ನಿಂತು ಏನು ಯೋಚಿಸಿದರು ಅಂತ ಮುಂದಿನ ಸಾಲಿನಲ್ಲಿ ಇರುತ್ತದೆ. ನಾಳೆ ನಿಮಗೆ ಇಷ್ಟವಾದ ಒಬ್ಬ ನಿಜವಾದ ಮನುಷ್ಯ ಬಾಗಿಲು ಹಾಕಿಕೊಂಡು ಹೋದರೆ, ಬಾಗಿಲು ಹಾಕಿದ ಸದ್ದು ಅಷ್ಟೇ. ಮುಂದಿನ ಸಾಲು ಇಲ್ಲ. “ಏನಾಯ್ತು?” ಅಂತ ನೀವೇ ಹೋಗಿ ಕೇಳಬೇಕು. ಕೇಳಿದರೂ ಅವರಿಗೇ ಗೊತ್ತಿಲ್ಲದೆ ಇರಬಹುದು, ಸುಳ್ಳು ಹೇಳಬಹುದು, ನಾಲ್ಕು ದಿನ ಬಿಟ್ಟು ಹೇಳಬಹುದು. ಪಾತ್ರಗಳ ಜೊತೆ ಜಾಸ್ತಿ ಇದ್ದವರಿಗೆ ಈ ಕಾಯುವಿಕೆ ಬೇಸರ ತರುತ್ತದೆ. ಇವನು ಅವನ ಹಾಗೆ ಆಳವಿಲ್ಲ ಅಂತ ಬೇಗ ಅನ್ನಿಸಿಬಿಡುತ್ತದೆ. ಆಳ ಇರುತ್ತದೆ. ಬರೆದು ತೋರಿಸಿರುವುದಿಲ್ಲ. ಆಪರೇಟರ್‌ಳ ಗುಂಗಿನಲ್ಲಿ ನಾನು ಒಬ್ಬ ಒಳ್ಳೆಯ ಜೀವವನ್ನು ಮಾತು ಕಡಿಮೆ ಅಂತ ದೂರ ಇಟ್ಟೆ. ಅವರು ಮಾತಾಡದಿದ್ದದ್ದು ಯಾಕೆ ಅಂತ ಒಮ್ಮೆಯೂ ಕೇಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಉತ್ತರ ಕೊಡುವ ಪಾತ್ರಗಳು ಈಗ ಫೋನಿನಲ್ಲೇ ಬಂದಿವೆಯಲ್ಲ, ಅವುಗಳ ಬಗ್ಗೆ ಒಂದು ಮಾತು. ನಿಮ್ಮ ಡಾಕ್ಟರ್ ಹೆಸರಿನಲ್ಲಿ ಚಾಟ್ ಮಾಡುವ ಆ್ಯಪ್ ಸಿಕ್ಕರೆ ಹುಷಾರಾಗಿರಿ. ಪುಸ್ತಕದ ಡಾಕ್ಟರ್‌ಗೆ ನಿಮ್ಮನ್ನು ಮೆಚ್ಚಿಸುವ ಅಗತ್ಯ ಇಲ್ಲ. ನಿಮಗೆ ಇಷ್ಟವಾಗದ್ದನ್ನೂ ಮಾಡುತ್ತಾರೆ. ಪುಟ ಮುಗಿದರೆ ಬಿಟ್ಟುಕೊಡುತ್ತಾರೆ. ನೀವು ಎದ್ದು ಹೋಗದ ಹಾಗೆ ನೋಡಿಕೊಳ್ಳುವುದರಲ್ಲಿ ಆ ಆ್ಯಪ್ ಮಾಡಿದವರಿಗೆ ಲಾಭ ಇದೆ.

ಅಕ್ಕನ ಮೇಲೆ ಬೇಸರ ಬೇಡ. ಅವರಿಗೆ ನಿಮ್ಮ ಬಗ್ಗೆ ಕಾಳಜಿ ಇದೆ, ದಾರಿ ಗೊತ್ತಾಗಿಲ್ಲ ಅಷ್ಟೇ. ಉಷೆಯ ಕತೆ ಇಬ್ಬರಿಗೂ ಗೊತ್ತಿರುತ್ತದೆ. ಬಾಣಾಸುರನ ಮಗಳು ಕನಸಿನಲ್ಲಿ ಒಬ್ಬನನ್ನು ಕಂಡು ಮನಸೋತಳು. ಎದ್ದರೆ ಅವನಿಲ್ಲ. ಹೆಸರೂ ಗೊತ್ತಿಲ್ಲ. ನಾವೆಲ್ಲ ಅನಿರುದ್ಧ ಸಿಕ್ಕಿದ್ದನ್ನು ನೆನಪಿಟ್ಟುಕೊಳ್ಳುತ್ತೇವೆ. ನನಗೆ ಆ ಕತೆಯಲ್ಲಿ ಇಷ್ಟವಾಗುವವಳು ಗೆಳತಿ ಚಿತ್ರಲೇಖೆ. ಅವಳು “ನಿನಗೆ ಹುಚ್ಚು” ಅನ್ನಲಿಲ್ಲ. ಕುಂಚ ತೆಗೆದುಕೊಂಡು ದೇವತೆಗಳು, ಗಂಧರ್ವರು, ಮನುಷ್ಯರು ಅಂತ ಒಬ್ಬೊಬ್ಬರನ್ನೇ ಬರೆದು ತೋರಿಸುತ್ತಾ ಹೋದಳು. ಇವನಾ? ಇವನಾ? ಉಷೆ ನಾಚಿ ತಲೆ ತಗ್ಗಿಸುವವರೆಗೂ ಬಿಡಲಿಲ್ಲ. ಅಕ್ಕನಿಗೆ ಆ ಕನ್ನಡಕದ ಎರಡು ದೃಶ್ಯ ಓದಿ ಹೇಳಿ. ಸಮರ್ಥಿಸಿಕೊಳ್ಳಲು ಹೋಗಬೇಡಿ, ಬರೀ ಓದಿ. ಅವರ ಮನಸ್ಸಿನಲ್ಲೂ ಯಾವುದೋ ಹಳೆಯ ಪಾತ್ರ ಇದ್ದೀತು. ಕೇಳಿ ನೋಡಿ.

ಇನ್ನು ಆ ಕೊನೆಯ ಭಾಗ. ನೀವು ಓದದೆ ಇಟ್ಟರೆ ಅವರು ನಾಲ್ಕನೇ ಭಾಗದ ಕೊನೆಯ ಪುಟದಲ್ಲಿ, ಕ್ಯಾಪ್ಟನ್ ಪಕ್ಕದಲ್ಲಿ ಕೂತೇ ಇರುತ್ತಾರೆ. ಎಂಟು ತಿಂಗಳು ಕೂತಿದ್ದಾರೆ. ಈ ವಾರ ಒಂದು ರಜೆಯ ದಿನ ನೋಡಿಕೊಂಡು ಓದಿ. ಅವರು ಸತ್ತರೆ ಚೆನ್ನಾಗಿ ಅತ್ತುಬಿಡಿ, ಯಾರಾದರೂ ಕೇಳಿದರೆ ಕಾರಣವನ್ನೂ ಹೇಳಿ. ಮಾಲೆಯ ಹೆಸರು ಅಚ್ಚಾಗಬಾರದು ಅಂದಿರಿ, ಹಾಕಿಲ್ಲ. ನಾನಂತೂ ಮೊದಲ ಭಾಗ ತರಿಸಿದ್ದೇನೆ, 60ನೇ ಪುಟದಲ್ಲಿದ್ದೇನೆ. ಡಾಕ್ಟರ್ ಇನ್ನೂ ಹಡಗು ಹತ್ತಿಲ್ಲ. ಕೊನೆಯಲ್ಲಿ ಏನಾಯಿತು ಅಂತ ನನಗೆ ಬರೆಯಬೇಡಿ. ಓದಿ ಮುಗಿಸಿದೆ ಅಂತಷ್ಟೇ ಬರೆಯಿರಿ.

– ಸಂ.