ಒಂಬತ್ತಕ್ಕೆ ಒಂಬತ್ತೂ ಗೆದ್ದವರು

ಪ್ರಶ್ನೆ: ನನ್ನ ಮಗಳು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. 1951ರಲ್ಲಿ ಅವರ ಫುಟ್‌ಬಾಲ್ ತಂಡ ಒಂದೂ ಪಂದ್ಯ ಸೋಲಲಿಲ್ಲವಂತೆ, ಆದರೂ ದೊಡ್ಡ ಪಂದ್ಯಕ್ಕೆ ಹೋಗಲಿಲ್ಲವಂತೆ. ಅದು ಹೇಗೆ?
– ಓದುಗರೊಬ್ಬರು, ಬೆಂದೂರ್‌ವೆಲ್, ಮಂಗಳೂರು

ಉತ್ತರ: ಇದು ನಮ್ಮ ನೆಹರೂ ಮೈದಾನದ, ಬೆಂಗರೆ ಹುಡುಗರ ಫುಟ್‌ಬಾಲ್ ಅಲ್ಲ ಮಾರಾಯ್ರೆ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಆಟ. ಕಾಲೇಜು ಮಾತ್ರ ನಮಗೆ ಪರಿಚಿತ ಜಾತಿಯದೇ. ಬಾವುಟಗುಡ್ಡೆಯ ಅಲೋಶಿಯಸ್‌ನ ಹಾಗೆ ಅದೂ ಯೇಸುಸಭೆಯ ಗುರುಗಳು ಕಟ್ಟಿದ್ದು, ಅದೂ ಗುಡ್ಡದ ಮೇಲೆಯೇ. ಇದು 1880, ಅದು 1855.

ತಂಡದ ಹೆಸರು ಡಾನ್ಸ್, ಕೋಚ್ ಜೋ ಕುಹಾರಿಚ್. ಆ ವರ್ಷ ಆಡಿದ 9 ಪಂದ್ಯಗಳನ್ನೂ ಗೆದ್ದರು. ಓಲಿ ಮ್ಯಾಟ್ಸನ್ ಚೆಂಡು ಹಿಡಿದು 1,566 ಗಜ ಓಡಿ ಇಡೀ ದೇಶಕ್ಕೇ ಮೊದಲಿಗನಾದ. ನ್ಯೂಯಾರ್ಕಿನಲ್ಲಿ ಫೋರ್ಡ್‌ಹ್ಯಾಮ್ ವಿರುದ್ಧ ಎದುರಾಳಿ ಒದ್ದ ಚೆಂಡನ್ನು ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ, ಒಂದಲ್ಲ, ಎರಡು ಸಲ ಓಡಿಬಿಟ್ಟ. ಪಂದ್ಯ 32-26. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟಕ್ಕೆ ಕಂಚು, ರಿಲೇಗೆ ಬೆಳ್ಳಿ!

ಇನ್ನು ದೊಡ್ಡ ಪಂದ್ಯದ ವಿಷಯ. ಸೀಸನ್ ಮುಗಿದ ಮೇಲೆ ಆಯ್ದ ತಂಡಗಳಿಗೆ ನಡೆಸುವ ದೊಡ್ಡ ಪಂದ್ಯಕ್ಕೆ ಅಲ್ಲಿ ಬೌಲ್ ಎನ್ನುತ್ತಾರೆ. ಆಗ ಅದಕ್ಕೆ ಪಾಯಿಂಟ್ ಲೆಕ್ಕ ಹಾಕಿ ಹೋಗುವ ಕ್ರಮ ಇರಲಿಲ್ಲ, ನಡೆಸುವವರು ಕರೆಯಬೇಕು. ಮ್ಯಾಟ್ಸನ್, ತಂಡದ ಇನ್ನೊಬ್ಬ ಆಟಗಾರ ಬರ್ಲ್ ಟೋಲರ್ ಇಬ್ಬರೂ ಕಪ್ಪು ಜನ. ಇಬ್ಬರನ್ನು ಬಿಟ್ಟು ಬರುವುದಾದರೆ ದಕ್ಷಿಣದ ಬೌಲ್‌ಗೆ ಬನ್ನಿ ಎಂಬ ಮಾತು ಬಂತು. ಮಹಾಯುದ್ಧದಲ್ಲಿ ಹೋರಾಡಿ ಬಂದ ಜೀನೋ ಮಾರ್ಕೆಟ್ಟಿಯಂಥ ಬಿಳಿ ಹುಡುಗರೂ ಆಗುವುದಿಲ್ಲ ಎಂದರು. ಹಾಗೆ ಯಾರೂ ಹೋಗಲಿಲ್ಲ.

ಹೇಳುವಾಗ ಸುಲಭ. ಆದರೆ ತಂಡ ಸಾಲದಲ್ಲಿತ್ತು, ಬೌಲ್‌ನ ಹಣ ಬಂದಿದ್ದರೆ ಉಸಿರಾಡಬಹುದಿತ್ತು. ಬರಲಿಲ್ಲ. ಖರ್ಚು ತೂಗಿಸಲಾಗದೆ ಕಾಲೇಜು ಆ ಸೀಸನ್ ಮುಗಿದದ್ದೇ ತಂಡವನ್ನೇ ನಿಲ್ಲಿಸಿತು. ಮುಂದೆ ಸಣ್ಣ ಮಟ್ಟದಲ್ಲಿ ಮತ್ತೆ ಶುರು ಮಾಡಿದರೂ ಅದೂ ಬಾಳಲಿಲ್ಲ. ಆ ಆಟಗಾರರಿಗೆ ಕಾಲೇಜು ಗೌರವ ಡಾಕ್ಟರೇಟ್ ಕೊಟ್ಟದ್ದು 2006ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ತೀರಿಹೋಗಿದ್ದರು.

ಎಲ್ಲರೂ ಮ್ಯಾಟ್ಸನ್‌ನನ್ನೇ ಹೊಗಳುತ್ತಾರೆ. ನಾನು ಊರ ಪಂದ್ಯಗಳಲ್ಲಿ ಸೀಟಿ ಊದಿದವ, ನನಗೆ ಟೋಲರ್ ಮೇಲೆಯೇ ಪಕ್ಷಪಾತ. ಮೊಣಕಾಲು ಹೋಗಿ ವೃತ್ತಿಪರ ಆಟ ಕೈತಪ್ಪಿತು. ಮೇಷ್ಟ್ರಾದ, ಮುಂದೆ ಹೆಡ್‌ಮಾಸ್ಟರೂ ಆದ. 1965ರಲ್ಲಿ ಈ ಆಟದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಮೊದಲ ಕಪ್ಪು ತೀರ್ಪುಗಾರನಾಗಿ ಮೈದಾನಕ್ಕಿಳಿದ. ಆಗ ಆ ಲೀಗಿನ ಕಮಿಷನರ್ ಯಾರು ಗೊತ್ತೇ? ಪೀಟ್ ರೊಝೆಲ್, 1951ರಲ್ಲಿ ಇದೇ ಡಾನ್ಸ್‌ನ ಪ್ರಚಾರ ನೋಡಿಕೊಳ್ಳುತ್ತಿದ್ದವರು.

ನಿಮ್ಮ ಮಗಳ ಕಾಲೇಜಿನಲ್ಲಿ ಫೀಲನ್ ಎಂಬ ಸೆನೆಟರನ ಹೆಸರಿನ ಹಾಸ್ಟೆಲ್ ಇತ್ತು. ಕ್ಯಾಲಿಫೋರ್ನಿಯ ಬಿಳಿಯರದ್ದಾಗಿಯೇ ಇರಲಿ ಎಂದು ಓಟು ಕೇಳಿದ ಆಸಾಮಿ. 2017ರಲ್ಲಿ ವಿದ್ಯಾರ್ಥಿಗಳು ಹಟ ಹಿಡಿದ ಮೇಲೆ ಆ ಹೆಸರು ತೆಗೆದು ಟೋಲರ್ ಹಾಲ್ ಎಂದಿಟ್ಟರು.